ಡಬ್ಬಿಯೊಳಗಿನ ಸೇವಂತಿಗೆ ಎಸಳು

ಅನಘಾ ಬೆಳೆಸಿದ ಜೀವಕೋಶಗಳು ಒಂದೂ ಉಳಿಯದೆ ಸತ್ತಿದ್ದವು. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ನನಗೂ ನೋಡಲು ಜಾಗ ಬಿಟ್ಟಳು.

ಕೆಂಗೇರಿಯ ನಮ್ಮ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹೆಣಗಿ ಅವಳು ರೂಪಿಸಿದ ಕೋಶಗಳವು. ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ಮಿದುಳಿನ ಪೆಪ್ಟೈಡನ್ನು ಹಿಡಿಯುವ ಗ್ರಾಹಕದ ಜೀನನ್ನು ಅವುಗಳಿಗೆ ಸೇರಿಸಿದ್ದಳು. ಜೊತೆಗೆ, ಒಂದು ಔಷಧವನ್ನು ತಾಳಿಕೊಳ್ಳುವ ಜೀನನ್ನೂ. ಆ ಔಷಧ ಹಾಕಿದರೆ ಸಾಮಾನ್ಯ ಕೋಶ ಸಾಯುತ್ತದೆ, ಅವಳದು ಬದುಕುತ್ತದೆ. ಆಯುಧಪೂಜೆಯ ರಜೆಗೆ ಮೊದಲು ಎಲ್ಲವನ್ನೂ ಪುಟ್ಟ ಸೀಸೆಗಳಿಗೆ ತುಂಬಿ, ಡಬ್ಬಿಯೊಂದರಲ್ಲಿ ಮುಚ್ಚಿ, ಕೆಡದಂತೆ ದ್ರವ ನೈಟ್ರೋಜನ್ ಟ್ಯಾಂಕಿನಲ್ಲಿ ಇಟ್ಟಿದ್ದಳು. ಈಗ ತೆಗೆದು ಬೆಳೆಸಿ ಆ ಔಷಧ ಹಾಕಿದರೆ ಹೀಗೆ.

ಮುಖ್ಯಸ್ಥ ಡಾ. ಗೋಪೀನಾಥರಿಗೆ ಅಷ್ಟೇ ಸಾಕಾಯಿತು. "ಇದರಲ್ಲಿ ಆ ಜೀನು ಯಾವತ್ತೂ ಇರ್ಲಿಲ್ಲ. ಸುಳ್ಳು ಡೇಟಾ ಕೊಟ್ಟಿದೀಯ. ನಿನ್ನ ಪಿಎಚ್‌.ಡಿ. ರದ್ದು ಮಾಡಿ ಅಂತ ನಾಳೆ ಬರೀತೀನಿ."

ಸುಳ್ಳೇ? ಒರೆಕ್ಸಿನ್ ತಗುಲಿದಾಗ ಆ ಕೋಶಗಳು ಮಿನುಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಯಾರೋ ಸೀಸೆಗಳನ್ನು ಬದಲಿಸಿದ್ದಾರೆ— ನಾನು ನೇರವಾಗಿ ಭದ್ರತಾ ಅಧಿಕಾರಿ ವಿಶ್ವಾರಾಧ್ಯರನ್ನು ಕರೆತಂದೆ. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು.

ಟ್ಯಾಂಕಿನ ಬೀಗಕ್ಕೆ ಮೂರೇ ಕೀಲಿಕೈ: ಅನಘಾ, ಗೋಪೀನಾಥರು, ಬಸವಕುಮಾರ್ ಬಳಿ ಒಂದೊಂದು. ಅನಘಾಳೊಂದಿಗೆ ಸದಾ ಪೈಪೋಟಿಗಿಳಿಯುತ್ತಿದ್ದ ಸಹಸಂಶೋಧಕ ಬಸವಕುಮಾರನ ಮೇಲೆಯೇ ನನ್ನ ಅನುಮಾನ. ಅವನು ಮುಖ ಸಿಂಡರಿಸಿಕೊಂಡು ಅವಳ ಡಬ್ಬಿಯನ್ನು ಹೊರತೆಗೆದ. ಮುಚ್ಚಳ ಬಿಚ್ಚಿದರೆ ಸೀಸೆಗಳ ನಡುವೆ ಹಳದಿ ಚೂರೊಂದು. ಕಸ ಅಂದುಕೊಂಡು ಇಕ್ಕಳದಿಂದ ಎಸೆಯಲು ಹೊರಟ. ವಿಶ್ವಾರಾಧ್ಯರು ಅವನ ಕೈ ಹಿಡಿದರು.

ಸೇವಂತಿಗೆಯ ಎಸಳು!

ಪೂಜೆಯ ದಿನ ಹೂವಿನ ಹಾರವನ್ನು ಟ್ಯಾಂಕಿನ ಮುಚ್ಚಳಕ್ಕೆ ಸುತ್ತಿದ್ದವಳು ನಾನೇ. ಮರುದಿನ ಬೆಳಿಗ್ಗೆ ನೈಟ್ರೋಜನ್ ತುಂಬಲು ಬಂದ ಚಿಕ್ಕಣ್ಣ ಅದನ್ನು ತೆಗೆದು, ಮುಚ್ಚಳ ಒರೆಸಿದ ಮೇಲೆಯೇ ಬೀಗ ತೆಗೆಸಿದ್ದ.

"ಸಾರ್, ಪೂಜೆಗೆ ನೀವು ಬಂದಿರ್ಲಿಲ್ಲ, ಅಲ್ವಾ?" ವಿಶ್ವಾರಾಧ್ಯರು ಗೋಪೀನಾಥರನ್ನು ಮೆಲ್ಲಗೆ ಕೇಳಿದರು.

"ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ."

"ಕೀಲಿಕೈನೂ ಪೂಜೆಗೆ ಇಡ್ಲಿಲ್ವಾ?"

"ನಾನ್ಯಾಕೆ ಇಡ್ಲಿ? ನನ್ನ ಕೀ ನನ್ನ ಜೇಬು ಬಿಟ್ಟು ಎಲ್ಲಿಗೂ ಹೋಗಲ್ಲ."

ವಿಶ್ವಾರಾಧ್ಯರು ನಮ್ಮತ್ತ ತಿರುಗಿದರು. ಮುಚ್ಚಿದ ಡಬ್ಬಿಯೊಳಗೆ ಎಸಳು ಬೀಳಬೇಕಾದರೆ, ಹಾರ ಇದ್ದಾಗಲೇ ಯಾರೋ ಟ್ಯಾಂಕನ್ನೂ ಡಬ್ಬಿಯನ್ನೂ ತೆರೆದಿರಬೇಕು. ಪೂಜೆಯಿಂದ ಮರುದಿನ ಬೆಳಗಿನವರೆಗೆ ಅನಘಾ, ಬಸವಕುಮಾರ್ ಇಬ್ಬರ ಕೀಲಿಕೈಗಳೂ ಪೂಜೆಯ ತಟ್ಟೆಯಲ್ಲಿದ್ದವು. ಆ ತಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದವರು ವಿಶ್ವಾರಾಧ್ಯರೇ. ಹೊರಗಿದ್ದದ್ದು ಒಂದೇ ಕೀಲಿಕೈ.

ಗೋಪೀನಾಥರು ಒಪ್ಪಿಕೊಂಡರು. ಅವಳ ಕೋಶಗಳನ್ನು ತಾವು ಗುಟ್ಟಾಗಿ ತೆರೆದಿದ್ದ ಹೊಸ ಕಂಪನಿಗೆ ಸಾಗಿಸಿ, ಇಲ್ಲಿ ಸಾಮಾನ್ಯ ಕೋಶ ತುಂಬಿಟ್ಟಿದ್ದರು. ಅವಳು ಸುಳ್ಳಿಯೆನಿಸಿದರೆ ಮುಂದೆ ಆ ಕೋಶಗಳು ತನ್ನವೆಂದು ಕೇಳುವಂತಿರಲಿಲ್ಲ. ತಾನೇ ಕಲಿಸಿದ ಹುಡುಗಿಯ ಬದುಕಿಗೆ ಕೊಳ್ಳಿಯಿಡಲು ಹೊರಟಿದ್ದ ಈ ಮನುಷ್ಯನಿಗೆ ಬಹುವಚನ ಕೊಡಲೂ ನನಗೀಗ ಅಸಹ್ಯ.

ಅನಘಾ ಅಳಲಿಲ್ಲ. ಕುಂಕುಮದ ಕಲೆ ಹೋಗದ ಆ ತಟ್ಟೆಯನ್ನು ಬೀರುವಿನಿಂದ ತಂದು ಅವನ ಮುಂದೆ ಹಿಡಿದಳು.

"ಕೀ ಇಲ್ಲಿಡಿ ಸಾರ್. ಆಮೇಲೆ ನನ್ನ ಸೆಲ್ಸ್ ಎಲ್ಲಿವೆ, ತೋರ್ಸಿ ನಡೀರಿ."

ಗೋಪೀನಾಥ ಜೇಬಿಗೆ ಕೈಹಾಕಿದ.