ಸಾಲ್ಕಿನ್‌ಳ ಕೂದಲು

"ಆ ಬೈಕು ಮುಟ್ಟಬೇಡ ಅಳಿಯ" ಎಂದಳು ಕನಿಶಾಯ್ ಅತ್ತೆ, ಕೊಟ್ಟಿಗೆಯ ಹೊಸ್ತಿಲು ದಾಟದೆ.

ಮೆದೆರ್ ನಕ್ಕ. ಮಾಸ್ಕೋದಲ್ಲಿ ವರ್ಷಗಟ್ಟಲೆ ಕಾಂಕ್ರೀಟು ಹೊತ್ತು ಮೊಣಕಾಲು ಸವೆಸಿಕೊಂಡು, ಹೆಂಡತಿಯ ಊರಿಗೆ ಬಂದು ಬಿದ್ದಿದ್ದ. ಹೆಂಡತಿ ಝಿಪಾರ್ ಮೇಲಿನ ಹುಲ್ಲುಗಾವಲಲ್ಲಿ ಒಬ್ಬಳೇ ಕುದುರೆಗಳ ಹಾಲು ಕರೆಯುತ್ತಿದ್ದಳು. ಅಲ್ಲಿಗೆ ನಡೆದು ಹೋಗುವ ಶಕ್ತಿ ಅವನಲ್ಲಿರಲಿಲ್ಲ. ಅತ್ತೆಯ ತೀರಿಹೋದ ಗಂಡ ಸೂರೊನ್‌ಬೈಯ ಬೈಕು ಮಾತ್ರ ಮೂಲೆಯಲ್ಲಿ ಕೋಳಿ ಹಿಕ್ಕೆ ಹೊತ್ತು ನಿಂತಿತ್ತು.

"ಕಾಲುವೆ ತಿರುವಿನಲ್ಲಿ, ಅಲ್ಲೇ ಮನೆಯಿರೋ ಸಾಲ್ಕಿನ್ ಅನ್ನೋಳ ಮಗಳಿಗೆ ಗುದ್ದಿ, ನಿಲ್ಲಿಸದೆ ಬಂದ ನನ್ನ ಗಂಡ" ಎಂದಳು ಅತ್ತೆ. "ಹುಡುಗಿ ಉಳೀಲಿಲ್ಲ. ಸಾಲ್ಕಿನ್ ಬಂದು ತನ್ನ ಕೂದಲು ಕಿತ್ತು ಕಿಕ್ಕರ್‌ಗೆ ಸುತ್ತಿದಳು. 'ನಿಲ್ಲಿಸಲಿಲ್ಲ ಅಲ್ವಾ? ಇನ್ನು ಈ ಎಂಜಿನ್ ನಿಂತಾಗ ಓಡಿಸಿದವನೂ ನಿಲ್ಲಲಿ' ಅಂದಳು. ಮಾರನೇ ದಿನ ಅವನು ಸಂತೆಯಿಂದ ಬಂದು ಅಂಗಳದಲ್ಲಿ ಬೈಕು ಆಫ್ ಮಾಡಿದ. ಸೀಟಿನ ಮೇಲೇ ಹೋದ."

"ವೋಡ್ಕಾ ಕೊಂದಿದ್ದು ಬಿಡಿ ಅತ್ತೆ. ಪಾಪ, ಬೈಕಿನ ತಲೆಗೆ ಕಟ್ಟಿದಿರಿ."

ಕಿಕ್ಕರ್‌ಗೆ ಸುತ್ತಿದ್ದ ನರೆಗೂದಲಿಗೆ ಅವನು ಲೈಟರ್ ಹಿಡಿದ. ಚುರುಚುರು ಎಂದು ಸುಟ್ಟಿತು. ಆ ಕಮಟು ವಾಸನೆ ಕೊಟ್ಟಿಗೆ ಬಿಟ್ಟು ಹೋಗಲೇ ಇಲ್ಲ. ಅವನು ತಿನ್ನುವ ರೊಟ್ಟಿಗೂ ಅಂಟಿತು.

ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲು ಕಂದು ಗಸಿಯಾಗಿತ್ತು. ಅದನ್ನು ಚೆಲ್ಲಿ, ಒಳಗೆ ಹೊಳೆಯ ಹರಳು ಹಾಕಿ, ತೋಳು ಬೀಳುವವರೆಗೆ ಕುಲುಕಿ ತುಕ್ಕು ಬಿಡಿಸಿದ. ಎರಡೂ ಕಾರ್ಬ್ಯುರೇಟರ್ ಬಿಚ್ಚಿ, ಸಣ್ಣ ತೂತುಗಳನ್ನು ತಂತಿಯಿಂದ ಚುಚ್ಚಿ, ಬಾಯಿಂದ ಊದಿದ. ಊದಿದ ಉಸಿರು ಹಿಂದಕ್ಕೆ ಬರುವುದು ತಡವಾಗುತ್ತಿತ್ತು. ಪ್ಲಗ್ಗಿನ ಮಸಿ ಕೆರೆದ, ಕ್ಲಚ್ಚಿನ ತಂತಿ ಬದಲಿಸಿದ. ಒಂದೊಂದು ಭಾಗ ಸರಿಹೋದಂತೆ ಅವನು ಒಂದಿಷ್ಟು ಸೋತ. ಕೊನೆಗೆ ಸ್ಪ್ಯಾನರ್ ಎತ್ತಲೂ ಎರಡು ಕೈ ಬೇಕಾಯಿತು. ವಯಸ್ಸಾಯಿತು ಅಂದುಕೊಂಡ.

ಬೆಳಿಗ್ಗೆ ಕಿಕ್ಕರ್ ತುಳಿದ. ಎಂಜಿನ್ ಕೆಮ್ಮಿತು. ಮತ್ತೆ ತುಳಿದ. ಹಿಡಿಯಿತು.

ಅವನ ಎದೆಯೂ ಹಿಡಿಯಿತು. ದಡದಡ, ದಡದಡ. ಎರಡೂ ಒಂದೇ ತಾಳ. ಆಕ್ಸಿಲರೇಟರ್ ತಿರುಗಿಸಿದರೆ ರಕ್ತ ಕಿವಿಗೆ ನುಗ್ಗಿತು. ಬಿಟ್ಟರೆ ಕಣ್ಣು ಕತ್ತಲೆಗಟ್ಟಿತು. ಗಾಬರಿಯಿಂದ ಕೀಲಿಯ ಮೇಲೆ ಕೈಯಿಟ್ಟು, ಮುಟ್ಟಿದ್ದೇ ತಡ ಹಿಂದೆಗೆದ.

"ಅತ್ತೆ! ಸಾಲ್ಕಿನ್ ಬದುಕಿದ್ದಾಳಾ?"

"ಕಾಲುವೆ ತಿರುವಿನಲ್ಲಿ. ಹೋಗು, ನಿಲ್ಲಿಸಬೇಡ!"

ದಾರಿಯುದ್ದಕ್ಕೂ ಸುಟ್ಟ ಕೂದಲ ವಾಸನೆ. ಹಾಕಿದ್ದ ಪೆಟ್ರೋಲು ಸ್ವಲ್ಪವೇ. ತಿರುವು ಕಾಣುವಷ್ಟರಲ್ಲಿ ಎಂಜಿನ್ ಒಂದು ಬಡಿತ ತಪ್ಪಿಸಿತು. ಅವನೂ ತಪ್ಪಿಸಿದ. ಹ್ಯಾಂಡಲಿನ ಮೇಲೆ ತಲೆ ಕುಸಿಯಿತು. ಎಂಜಿನ್ ಮತ್ತೆ ಹಿಡಿದಾಗ ತಲೆಯೆತ್ತಿ, ಅದನ್ನು ಆಫ್ ಮಾಡದೆಯೇ ಸಾಲ್ಕಿನ್ ಮನೆಯ ಮುಂದೆ ಬೈಕು ತಂದು ನಿಲ್ಲಿಸಿದ.

ಮುದುಕಿ ಅಂಗಳದಲ್ಲಿ ಬಟ್ಟೆ ಹಾಸಿ ಮೊಸರಿನ ಉಂಡೆ ಒಣಗಿಸುತ್ತಿದ್ದಳು. ಸದ್ದು ಕೇಳಿ ತಲೆಯೆತ್ತಿದಳು. ಕೈಯ ಉಂಡೆ ಜಾರಿತು.

"ಅಜ್ಜಿ, ಬಿಡಿಸು. ನಾನೇನೂ ಮಾಡಿಲ್ಲ."

"ಗೊತ್ತು ಮಗಾ. ಮಾಡಿದವನು ಇಳೀಲೇ ಇಲ್ಲ."

"ಹಾಗಾದ್ರೆ ತೆಗಿ ನಿನ್ನ ಮಾಟ!"

"ಹಾಕೋದಷ್ಟೇ ಗೊತ್ತಿತ್ತು. ತೆಗೆಯೋದು ಯಾರೂ ಹೇಳಿಕೊಡಲಿಲ್ಲ." ಅವಳ ದನಿ ದಣಿದಿತ್ತು. "ನೀನು ನಿಂತಿರೋ ಜಾಗದಲ್ಲೇ ನನ್ನ ಮಗಳು ಬಿದ್ದಿದ್ದು. ಇಳಿ. ಅವಳಿಗೋಸ್ಕರ ಒಬ್ಬನಾದರೂ ಇಳೀಲಿ."

ಎಂಜಿನ್ ಮತ್ತೆ ತಪ್ಪಿತು. ಹೇಗೂ ನಿಲ್ಲುತ್ತದೆ. ಮೆದೆರ್‌ಗೆ ಸಾಕಾಗಿತ್ತು. ಕೀಲಿ ತಿರುಗಿಸಿದ.

ಸದ್ದು ನಿಂತಿತು. ಒಂದು ಕಾಲು ನೆಲಕ್ಕಿಟ್ಟ. ಇನ್ನೊಂದು ಎತ್ತಿದ. ಎದೆಯೊಳಗೆ ಏನೂ ಇಲ್ಲ. ಕಾಲುವೆಯ ನೀರಿನ ಸದ್ದೂ ಇಲ್ಲ. ಮಣ್ಣು ಮೇಲೆದ್ದು ಬಂತು.

ಕಣ್ಣು ಬಿಟ್ಟಾಗ ಪಕ್ಕೆಲುಬು ಉರಿಯುತ್ತಿತ್ತು. ಸಾಲ್ಕಿನ್ ಅವನ ಎದೆಯ ಮೇಲೆ ಮುಷ್ಟಿ ಎತ್ತಿದವಳು ಹಾಗೇ ಕುಸಿದು ಕೂತಳು. "ಗುದ್ದಿ ಗುದ್ದಿ ಕೈ ಬಿತ್ತು ಕಣೋ" ಎಂದು ಏದುಸಿರಿಟ್ಟಳು. "ಇನ್ನೊಬ್ಬರ ಮಗ ನನ್ನ ಬಾಗಿಲಲ್ಲಿ ಸಾಯೋದು ನೋಡೋಕೆ ನನ್ನ ಕೈಲಾಗಲ್ಲ."

ಉಸಿರು ಬಂತು. ಕಸುವು ಬರಲಿಲ್ಲ. ಪಟ್ಟಣದ ಡಾಕ್ಟರು, ಗುಡ್ಡದ ಗಾಳಿ ಇನ್ನು ಈ ಗುಂಡಿಗೆಗೆ ಆಗದು ಎಂದರು.

ಸುದ್ದಿ ತಿಳಿದು ಝಿಪಾರ್ ಕುದುರೆಯೇರಿ ಇಳಿದು ಬಂದಳು. ಗಂಡನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು.

"ನಾನು ಮೇಲೆ ಬರೋಕಾಗಲ್ಲ" ಎಂದ ಮೆದೆರ್.

"ಗೊತ್ತಾಯ್ತು" ಎಂದಳು. ಎದ್ದು, ಕುದುರೆಗಳನ್ನು ಕೆಳಗೆ ಹೊಡೆದುಕೊಂಡು ಬರಲು ಹೊರಟಳು.