ಹದವಾಗದ ಕತ್ತಿ

“ಆಡೋದಾದ್ರೆ ಆಡಿ. ಕತ್ತಿಗೆ ಮಾತ್ರ ಉಸಿರಾಡೋರ ಹೆಸರಿಡ್ಬೇಡಿ,” ಎಂದಿದ್ದಳು ಭಾಷಾಂತರದಾಕೆ. “ಕಾದ ಕತ್ತೀನ ಅರ್ಧಕ್ಕೆ ಬಿಟ್ಟು ಏಳ್ಲೂಬೇಡಿ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹಳೆಯ ವಿಡಿಯೋ ಗೇಮುಗಳನ್ನು ಮತ್ತೆ ಮಾರುಕಟ್ಟೆಗೆ ಬಿಡುವ ಕಂಪನಿ ಅದು. ಆಟದೊಳಗಿನ ಮಾತನ್ನು ಕನ್ನಡಕ್ಕೆ ತರುವುದು ಅವಳ ಕೆಲಸ, ಆಟದ ತಪ್ಪು ಹುಡುಕುವುದು ಇವನ ಕಸುಬು. ಈ ಸಮುರಾಯ್ ಆಟ ಬಂದ ಕಾಲದಲ್ಲಿ ಅದನ್ನು ನಾಯಿಯೂ ಮೂಸಿ ನೋಡಿರಲಿಲ್ಲ. ನೆಲಮಾಳಿಗೆಗೆ ಇಳಿ, ಪಿಶಾಚಿಗಳನ್ನು ಕೊಂದು ಕಬ್ಬಿಣ ಆಯ್ದುಕೋ, ಮೇಲೆ ಬಂದು ಕುಲುಮೆಯಲ್ಲಿ ಕತ್ತಿ ಬಡಿ, ಮತ್ತೂ ಆಳಕ್ಕೆ ಇಳಿ. ಇಷ್ಟೇ ಆಟ.

“ಈ ಆಟ ಮಾಡಿದವನು ಮೊದಲನೇ ಕತ್ತಿಗೆ ಮಗನ ಹೆಸರಿಟ್ಟಿದ್ನಂತೆ,” ಅವಳ ದನಿ ಇಳಿದಿತ್ತು. “ಮಗ ಮಲಗಿದಲ್ಲಿಂದ ಏಳ್ಲಿಲ್ಲ. ನನ್ನ ಸಂಕಟ ಆಡಿದೋರಿಗೆಲ್ಲ ತಟ್ಟಲಿ ಅಂತ ಶಾಪ ಹಾಕಿ ಸತ್ತ.”

“ಮಾಟ ಮಾಡ್ಸೋಕೂ ಈಗ ಕರೆಂಟ್ ಬೇಕು ಅನ್ನಿ!” ಎಂದು ಅವನು ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ.

ಹೆಂಡತಿ ಕೆಲಸದಿಂದ ಬಂದಿರಲಿಲ್ಲ. ಸ್ಕೂಲಿನಿಂದ ಬಂದ ಮಗಳು ಪಕ್ಕದಲ್ಲೇ ಅಂಟಿ ಕೂತಳು. ಕೂತಲ್ಲಿ ಕೂರದ ಆ ಹುಡುಗಿಯನ್ನು ಮನೆಯವರೆಲ್ಲ ಕರೆಯುತ್ತಿದ್ದುದು ಚಿನಕುರುಳಿ ಎಂದು. ಯಾವ ಆಟ ಹೆಸರು ಕೇಳಿದರೂ ಅವನ ಬೆರಳು ಅದನ್ನೇ ಒತ್ತುತ್ತಿತ್ತು. ಅದು ಕೈಗಂಟಿದ ಚಾಳಿ. ಕತ್ತಿಗೂ ಅದನ್ನೇ ಒತ್ತಿದ. ಒತ್ತಿದ ಮೇಲೆ ಭಾಷಾಂತರದಾಕೆಯ ಮಾತು ನೆನಪಾಯಿತು. ಮಣ್ಣಂಗಟ್ಟಿ, ಎಂದುಕೊಂಡ.

ಅವನ ಕಸುಬಿನಲ್ಲಿ ಇನ್ನೊಂದು ಪರೀಕ್ಷೆಯಿತ್ತು. ಆಟದ ನಟ್ಟನಡುವೆ ಪ್ಲಗ್ ಕಿತ್ತು, ಆಟ ಉಳಿಯುತ್ತದೋ ಕೆಡುತ್ತದೋ ನೋಡುವುದು. ಕೀಳುವ ಕೆಲಸ ಮಗಳದು. ಅದಕ್ಕಾಗಿ ಅವಳು ಊಟವನ್ನೂ ಬಿಟ್ಟು ಬರುತ್ತಿದ್ದಳು.

ಪರದೆ ಎಳೆದ ಕೋಣೆಯಲ್ಲಿ ತೆರೆಯ ಕೆಂಪು ತುಂಬಿಕೊಂಡಿತು. ಕತ್ತಿ ಕೆಂಡವಾಯಿತು. ಢಣ್. ಢಣ್. ಎಲ್ಲಿಂದಲೋ ಸುಟ್ಟ ಕಬ್ಬಿಣದ ಕಮಟು ಬಂತು.

“ಅಪ್ಪಾ, ಮೈಯೆಲ್ಲಾ ಉರಿ. ಕೀಳ್ಲಾ?”

“ಕೀಳು ಕಂದಾ!”

ಕಿತ್ತಳು. ಕೋಣೆ ಕತ್ತಲಾಯಿತು. ಸುತ್ತಿಗೆಯ ಸದ್ದು ಮಾತ್ರ ನಿಲ್ಲಲಿಲ್ಲ. ಢಣ್. ಆಮೇಲೆ ಮಗು ನೆಲಕ್ಕೆ ಬಿದ್ದ ಸದ್ದು.

ಮುಟ್ಟಿದರೆ ಕಾದ ಕಾವಲಿ. ತೋಳ ಮೇಲೆ ಸುತ್ತಿಗೆಯಗಲದ ಕಪ್ಪು ಕಲೆ. ಎತ್ತಿಕೊಂಡು ಬಾಗಿಲಿಗೆ ಓಡಿದ. ಹೊಸ್ತಿಲು ದಾಟಿದ್ದೇ ತಡ, ಅವಳ ಉಸಿರು ನಿಂತಿತು. ಹೆದರಿ ಹಿಂದೆ ಸರಿದ. ಎಳೆಯಷ್ಟು ಉಸಿರು ಮರಳಿತು. ಅಯ್ಯೋ, ಎಲ್ಲಿಗೆ ಕೊಂಡೊಯ್ಯುವುದು ಈ ಮಗುವನ್ನು? ಭಾಷಾಂತರದಾಕೆಗೆ ಫೋನ್ ಮಾಡಿದ.

“ಯಾರ ಹೆಸರಿಟ್ರಿ?”

ಅವನು ಅತ್ತ. ಅವಳಿಗೆ ಅಷ್ಟೇ ಸಾಕಾಯಿತು.

“ಹದವಾಗದ ಕತ್ತಿ ನೆಲಮಾಳಿಗೆಯ ತಳಕ್ಕೆ ಇಳಿದಿರುತ್ತೆ. ತಣ್ಣಗಾಗೋ ಮುಂಚೆ ಎತ್ತಿ. ಆದ್ರೆ ಅದು ಪುಕ್ಕಟೆ ಕೊಡಲ್ಲ. ಬದಲಿಗೆ ಇನ್ನೊಂದು ಹೆಸರು ಕೇಳುತ್ತೆ.”

ಪ್ಲಗ್ ಹಾಕಿದ. ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡ. ಸಮುರಾಯ್‌ನ ಕೈ ಬರಿದಾಗಿತ್ತು. ಇಳಿದ. ಕೊಳೆತ ನೀರಿನ ವಾಸನೆ ಮೂಗಿಗೇ ಹೊಡೆಯಿತು. ಕಿವಿಯ ಹಿಂದೆ ಯಾರೋ ಉಸಿರು ಬಿಟ್ಟರು. ತಿರುಗಲಿಲ್ಲ. ಇಳಿದ. ಮಗಳ ಪಾದ ತಣ್ಣಗಾಯಿತು. ಇಳಿದ. ಮೊಣಕಾಲು ತಣ್ಣಗಾಯಿತು. ದೇವರೇ, ಇನ್ನೊಂದು ಗಳಿಗೆ. ತಳದಲ್ಲಿ ಕೆಂಪು ಆರುತ್ತಿದ್ದ ಕತ್ತಿ. ಮುಟ್ಟಿದ.

“ಬದಲಿಗೆ ಯಾರು?” ತೆರೆ ಕೇಳಿತು.

ಅವನು ಯೋಚಿಸಲಿಲ್ಲ. ಅವಳ ಬಾಯಲ್ಲಿ ತಾನು ಏನಾಗಿದ್ದನೋ ಅದನ್ನೇ ಒತ್ತಿದ: ಅಪ್ಪ.

ಮಗಳು ಕಣ್ಣುಜ್ಜಿಕೊಂಡು ಎದ್ದು ಕೂತಳು. ಅದು ಅವನಿಗೆ ಕಂಡಿತು. ಆದರೆ ಕಿಟಕಿಯಾಚೆಗೆ ಕಂಡಂತೆ, ತೆರೆಯಷ್ಟಗಲದ ಮುಖವಾಗಿ ಕಂಡಿತು. ಅವನ ಕೆಳಗೆ ಕೆಂಡವಿತ್ತು. ಹೊರಳಲು ಕೈಕಾಲಿಲ್ಲ. ಕೂಗಲು ಗಂಟಲಿಲ್ಲ.

“ಹೈ! ಅಪ್ಪನ ಹೆಸರಿನ ಕತ್ತಿ!” ಅವಳು ಕಂಟ್ರೋಲರ್ ಎತ್ತಿಕೊಂಡು ಗುಂಡಿ ಒತ್ತಿದಳು.

ಢಣ್.

ಇಲ್ಲದ ಎಲುಬುಗಳೆಲ್ಲ ನುಚ್ಚುನೂರಾದವು. ಆದರೂ ಅವನಿಗೆ ಒಂದೇ ಆಸೆ. ಬಡಿ ಕಂದಾ, ನಿಲ್ಲಿಸಬೇಡ, ಹದವಾಗುವವರೆಗೂ ಬಡಿ.

ಹೊರಗೆ ಬೀಗ ತೆರೆದ ಸದ್ದಾಯಿತು. ಹೆಂಡತಿಯ ದನಿ. “ಅಪ್ಪ ಎಲ್ಲೇ? ಸಾಕು ಆಟ, ಆರಿಸಿ ಬಾ.”

“ಬಂದೆ ಅಮ್ಮಾ! ಹೆಂಗೆ ಆರ್ಸೋದು ಅಂತ ನಂಗೊತ್ತು.”

ಅವನು ಬೇಡ ಎಂದ. ಬೇಡ ಬೇಡ ಬೇಡ ಎಂದ. ಕುಲುಮೆಯಲ್ಲಿ ಒಂದು ಕಿಡಿ ಹಾರಿತು, ಅಷ್ಟೇ.

ಅವಳು ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು, ಪ್ಲಗ್ಗಿಗೆ ಎರಡೂ ಕೈ ಹಾಕಿ, ಎಂದಿನಂತೆ ಅಪ್ಪಣೆಗೆ ಕಾದಳು.

“ಕೀಳ್ಲಾ ಅಪ್ಪಾ?”

ಉತ್ತರ ಬರಲಿಲ್ಲ. ಕಿತ್ತಳು.