ಗೆಲ್ಲುತ್ತಲೇ ಸೋತ ಆಟಗಳು

ಮಕ್ಕಳನ್ನು ಶಾಲೆಯ ವ್ಯಾನು ಹತ್ತಿಸಿ ಬಂದು ಲ್ಯಾಪ್‌ಟಾಪ್ ಪರದೆ ನೋಡಿದ ಅಕ್ಕ ತಮ್ಮನನ್ನು ಕೂಗಿದಳು. ರಾತ್ರಿಯೆಲ್ಲ ಗೆದ್ದುಕೊಂಡೇ ಬಂದಿದ್ದ ಹೊಸ ಪ್ರೋಗ್ರಾಮು ಮಕಾಡೆ ಮಲಗಿತ್ತು.

"ಮತ್ತೆ ಸೋತಿದೆ ಕಣೋ!"

ತಮ್ಮ ಬಾಗಿಲಲ್ಲೇ ನಿಂತ. ಚೆಸ್ ಆಡುವ ಆ ಪ್ರೋಗ್ರಾಮನ್ನು ಮೊದಲು ಬರೆದವಳು ಅಕ್ಕ. ಅದರ ಯೋಚಿಸುವ ಭಾಗವನ್ನು ಹೊಸದಾಗಿ ಕಟ್ಟಿದವನು ಅವನು. ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಕೈಹಾಕಿದ ಮೊದಲ ಕೆಲಸ. ಹಳೆಯದನ್ನೂ ಹೊಸದನ್ನೂ ಮಕ್ಕಳ ಕೋಣೆಯ ಲ್ಯಾಪ್‌ಟಾಪಿನಲ್ಲಿ ತಾವಾಗಿಯೇ ಆಡಿಕೊಳ್ಳಲು ಬಿಟ್ಟಿದ್ದರು. ಯಾವುದು ಗಟ್ಟಿಯೋ ಅದು ಸಂಜೆಯೊಳಗೆ ಚೆಸ್ ಪ್ರೋಗ್ರಾಮುಗಳ ಸ್ಪರ್ಧೆಗೆ ಹೋಗಬೇಕು. ಆದರೆ ಒಂದು ಹೊತ್ತು ಹೊಸದು ಹಳೆಯದನ್ನು ನುಂಗಿ ನೀರು ಕುಡಿಯುತ್ತಿತ್ತು. ಇನ್ನೊಂದು ಹೊತ್ತು ಸಾಲುಸಾಲಾಗಿ ಸೋಲುತ್ತಿತ್ತು. ಯಾವುದನ್ನು ನಂಬುವುದು?

"ಹಳೇದನ್ನೇ ಕಳಿಸಿಬಿಡು ಅಕ್ಕ," ಎಂದ ತಮ್ಮ. "ನನ್ನ ತಲೆ ಮೊದಲಿನ ಹಾಗಿಲ್ಲ. ನಂಗೇ ಗೊತ್ತಲ್ಲ."

ಇವತ್ತು ಹಳೆಯದನ್ನು ಕಳಿಸಿದರೆ ಇವನು ಇನ್ನು ಯಾವುದಕ್ಕೂ ಕೈಹಾಕಲಾರ. ಹೀಗೆಂದುಕೊಂಡು ಅಕ್ಕ ಚಿಕ್ಕಮ್ಮನಿಗೆ ಫೋನು ಮಾಡಿದಳು.

ಚಿಕ್ಕಮ್ಮ ಚೆಸ್ ಪಂದ್ಯಗಳ ತೀರ್ಪುಗಾರ್ತಿ. ಕೆಮ್ಮಿ ಸನ್ನೆ ಮಾಡಿದವರನ್ನೂ ಹಿಡಿದು ಹೊರಗೆ ಹಾಕಿದವಳು; ಮಕ್ಕಳ ಬಾಯಲ್ಲಿ 'ಪೊಲೀಸಜ್ಜಿ'. ಬಂದವಳು ಹಜಾರದಲ್ಲಿದ್ದ ಅಪ್ಪನನ್ನು 'ಹೇಗಿದ್ದೀರಿ ಭಾವ' ಎಂದು ಮಾತಾಡಿಸಿ, ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರು ಮಾಡಿದಳು.

"ಯಾರ ಮೇಲೆ ಅನುಮಾನ?"

"ನನ್ನ ಮೇಲೇ," ಎಂದ ತಮ್ಮ.

"ನೀನು ಸುಮ್ನಿರೋ. ತಪ್ಪೊಪ್ಕೊಳ್ಳೋಕೆ ಓಡಿ ಬರೋನನ್ನ ನಾನು ಮೊದಲು ಬಿಟ್ಟುಬಿಡ್ತೀನಿ. ನೀನು ಹೇಳೇ."

"ಆಟ ನಡೆಸೋ ಪ್ರೋಗ್ರಾಮ್ ಮೇಲೆ ಚಿಕ್ಕಮ್ಮ. ಇಲ್ಲಾಂದ್ರೆ ಅದೃಷ್ಟ—"

"ಅದೃಷ್ಟ ಹೀಗೆ ಕ್ಯೂ ನಿಂತ್ಕೊಂಡು ಬರುತ್ತಾ? ಸೋತ ಆಟ ಒಂದು ತೆಗಿ. ಅಂಕ ಬೇಡ ನಂಗೆ. ಕೊನೇಲಿ ಬೋರ್ಡ್ ಹೇಗಿತ್ತು ತೋರಿಸು."

ಅಕ್ಕ ತೋರಿಸಿದಳು. ಚಿಕ್ಕಮ್ಮ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದಳು.

"ಇವನದು ಯಾವುದು?"

"ಬಿಳಿ."

"ಬಿಳಿ ಹತ್ರ ರಾಣಿ ಇದೆ. ಕಪ್ಪು ಹತ್ರ ಎರಡು ಪದಾತಿ ಬಿಟ್ರೆ ಮಣ್ಣಂಗಟ್ಟಿ. ಮುಂದಿನ ನಡೆಗೆ ಚೆಕ್‌ಮೇಟ್. ಇಷ್ಟಿದ್ದೂ ಸೋತಿದ್ದು ಹೇಗೆ?"

ಅಕ್ಕ, ತಮ್ಮ ಮುಖ ಮುಖ ನೋಡಿಕೊಂಡರು. ಇದುವರೆಗೆ ಅವರು ನೋಡಿದ್ದು ಗೆಲುವೋ ಸೋಲೋ ಎಂದಷ್ಟೇ. ಹೇಗೆ ಎಂದು ಕೇಳಿರಲೇ ಇಲ್ಲ!

"ಟೈಮ್ ಮುಗಿದು ಸೋತಿದೆ..." ತಮ್ಮ ಪರದೆಯ ಗಡಿಯಾರ ನೋಡಿ ತೊದಲಿದ. "ಅದು ಹೇಗೆ? ನಂದು ಗಡಿಯಾರ ನೋಡ್ಕೊಂಡೇ ಯೋಚ್ನೆ ಮಾಡುತ್ತೆ. ಕೊನೇ ಚೂರನ್ನೂ ಬಿಡದೆ ಬಳಸ್ಕೊಳ್ಳುತ್ತೆ."

"ಹಳೇದು?"

"ಅದು ಅವಸರದ ಗಿರಾಕಿ. ಬೇಕಾದಷ್ಟು ಟೈಮ್ ಉಳಿಸ್ಕೊಂಡೇ ಮುಗಿಸುತ್ತೆ."

"ಹಾಗಾದ್ರೆ ಮಷೀನು ನಡುವೆ ಕುಂಟಿದ್ರೆ ಹಳೇದು ಬದುಕ್ಕೊಳ್ಳುತ್ತೆ, ನಿಂದು ಸಾಯುತ್ತೆ. ಕುಂಟಿಸ್ತಿರೋರು ಯಾರು? ಸೋಲು ಶುರುವಾಗೋದು ಯಾವಾಗ?"

"ನಾನು ಮಕ್ಕಳನ್ನ ಬಿಡೋಕೆ ಹೋದಾಗ. ಅಡುಗೆಗೆ ನಿಂತಾಗ," ಅಕ್ಕ ಒಂದು ಕ್ಷಣ ತಡೆದಳು. "ರೂಮಲ್ಲಿ ಯಾರೂ ಇಲ್ದಾಗ!"

"ಯಾರೂ ಇಲ್ದಾಗ ಅಲ್ಲ. ನೀವಿಬ್ರೂ ಇಲ್ದಾಗ. ಹೊಸ ಪಂದ್ಯ ಶುರು ಮಾಡಿ. ನಡೀರಿ, ಟೀ ಕುಡಿಯೋಣ."

ಟೀ ಲೋಟಗಳು ಆರುತ್ತಾ ಕೂತವು. ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಜಾರದಲ್ಲಿ ಹೆಜ್ಜೆ ಸಪ್ಪಳ. ಮಕ್ಕಳ ಕೋಣೆಯೊಳಗೆ ಒಂದು ಆಕೃತಿ— ಮಂಚದ ಪಕ್ಕಕ್ಕೆ ಬಗ್ಗಿತು— ಟಕ್!

"ಭಾವ! ಕೈ ಮೇಲೆತ್ತಿ!"

ಅಕ್ಕ ಓಡಿ ಬಂದಳು. ಅಪ್ಪ ಎರಡೂ ಕೈ ಎತ್ತಿ, ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

"ಇಗೋ ನಿಮ್ಮ ಅಪರಾಧಿ," ಎಂದಳು ಚಿಕ್ಕಮ್ಮ. "ಲ್ಯಾಪ್‌ಟಾಪು, ಫ್ಯಾನು, ಮೇಜಿನ ದೀಪ, ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ. ಭಾವ ಅದರ ಸ್ವಿಚ್ ಆರಿಸ್ತಾರೆ. ಲ್ಯಾಪ್‌ಟಾಪ್ ನಿಲ್ಲಲ್ಲ, ಬ್ಯಾಟರಿ ಉಳಿಸೋಕೆ ನಿಧಾನ ಆಗುತ್ತೆ, ಅಷ್ಟೆ. ಆಮೇಲೆ ನೀವು ಬರ್ತೀರಿ, ದೀಪ ಹತ್ತಲಿಲ್ಲ ಅಂತ ಸ್ವಿಚ್ ಹಾಕ್ತೀರಿ, ಮರೆತೂಬಿಡ್ತೀರಿ. ರಾತ್ರಿ ಮಕ್ಕಳು ಇಲ್ಲಿ ಮಲಗಿರ್ತಾರೆ, ಭಾವ ಒಳಗೆ ಬರಲ್ಲ. ಅದಕ್ಕೇ ರಾತ್ರಿ ಗೆಲುವು."

"ಅಪ್ಪ! ಯಾಕೆ ಹೀಗೆ ಮಾಡಿದ್ರಿ?"

"ಖಾಲಿ ರೂಮಲ್ಲಿ ಬೋರ್ಡ್ ಸುಡ್ತಾ ಇದ್ರೆ ಸುಮ್ನೆ ಹೋಗ್ಲಾ?" ಅಗ್ನಿಶಾಮಕ ದಳದಲ್ಲಿ ಕೂದಲು ನರೆಸಿಕೊಂಡ ಅಪ್ಪ ಗದರಿದರು. "ಎಷ್ಟು ಸಲ ಹೇಳ್ದೆ! ಇಬ್ರೂ ಕಿವಿಗೆ ಆ ಇಯರ್‌ಫೋನು ಸಿಕ್ಕಿಸ್ಕೊಂಡು ಹ್ಞೂಂ ಹ್ಞೂಂ ಅಂತೀರಿ."

ಅಕ್ಕ ಮಂಚದ ಪಕ್ಕ ಮಂಡಿಯೂರಿದಳು. ಪ್ಲಗ್ಗು ಕಿತ್ತು, ಬೋರ್ಡನ್ನು ಹೊರಗೆಳೆದು ತಿರುಗಿಸಿದಳು. ಹಿಂಬದಿಯ ಪ್ಲಾಸ್ಟಿಕ್ ಕರಗಿ ಉಬ್ಬಿತ್ತು. ಅದು ಇದ್ದ ಜಾಗಕ್ಕೇ ಚಿಕ್ಕ ಮಗಳ ಹೊದಿಕೆಯ ಅಂಚು ಇಳಿಬಿದ್ದಿತ್ತು.

ತಮ್ಮ ಹೊದಿಕೆಯನ್ನು ಮಂಚದ ಮೇಲಕ್ಕೆ ಎಳೆದ.

"ಇಷ್ಟಾಗಿದೆ ಅಂತ ನಂಗೂ ಕಾಣ್ಲಿಲ್ಲಮ್ಮ," ಎಂದರು ಅಪ್ಪ ಮೆತ್ತಗೆ. "ನಿಮ್ಮ ಆಟ ಕೆಡಿಸ್ದೆ ಅಲ್ವಾ?"

ಅಕ್ಕ ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. ಒರಟು, ಬೆಚ್ಚನೆಯ ಕೈಗಳು. "ಇನ್ನೂ ನೂರು ಆಟ ಕೆಡಿಸಿ ಅಪ್ಪ," ಎಂದಳು.

ಬೋರ್ಡು ಕಸಕ್ಕೆ ಹೋಯಿತು. ಲ್ಯಾಪ್‌ಟಾಪು ಹಜಾರಕ್ಕೆ ಬಂದು ನೇರ ಗೋಡೆಯ ಪ್ಲಗ್ಗಿಗೆ ಸೇರಿತು. ತಮ್ಮ ತನ್ನ ಪ್ರೋಗ್ರಾಮು ಕೊಂಚ ಸಮಯ ಕೈಯಲ್ಲಿಟ್ಟುಕೊಂಡು ಯೋಚಿಸುವಂತೆ ತಿದ್ದಿದ. ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಹಳೆಯದು ಚಿಂದಿಯಾಗಿತ್ತು. ಸಮಯ ಮೀರಿ ಸೋತ ಆಟ ಒಂದೂ ಇರಲಿಲ್ಲ.

"ನೀನೇ ಕಳಿಸು," ಎಂದಳು ಅಕ್ಕ.

ತಮ್ಮ ಕಳಿಸಿದ. ಕುರ್ಚಿ ಬಿಟ್ಟು ಏಳಲಿಲ್ಲ.

"ಅಕ್ಕ, ರಾಜನ್ನ ಕಾಯೋದ್ರಲ್ಲಿ ಇನ್ನೂ ಒಂದು ಹೊಸ ದಾರಿ ಹೊಳೀತಿದೆ. ಈಗ್ಲೇ ಶುರು ಮಾಡ್ಲಾ?"